ಕಪಿಯದೋ ಕಲಾವಿದನದೋ: ಪರೀಕ್ಷೆ ಯಾರಿಗೆ?

ಓದುಬರಹ ಬಲ್ಲವರ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ವಿನೋದ ಹಬ್ಬಿದೆ. ನವ್ಯ ಚಿತ್ರಕಲೆಯಲ್ಲಿ, ಅದರಲ್ಲಿಯೂ ಅಮೂರ್ತ ಕಲೆಯೆಂಬುದರಲ್ಲಿ, ತಮ್ಮ ತಿಳಿವಳಿಕೆ ಎಷ್ಟೆಂದು ತಾವೇ ಅಳೆದುಕೊಳ್ಳುವ ಪರೀಕ್ಷೆ ಅದು. ಹತ್ತೋ ಹನ್ನೆರಡೋ ಚಿತ್ರಗಳನ್ನು ಮುಂದಿಡುತ್ತಾರೆ. ಒಂದರಲ್ಲಿ ಕೆಂಪು ಗೀಟುಗಳು, ಇನ್ನೊಂದರಲ್ಲಿ ಚೆಲ್ಲಿದ ನೀಲಿ, ಮತ್ತೊಂದರಲ್ಲಿ ಬರಿಯ ಚುಕ್ಕೆಗಳು. ಪ್ರತಿಯೊಂದರ ಕೆಳಗೂ ಒಂದೇ ಪ್ರಶ್ನೆ: ಇದನ್ನು ಬರೆದವನು ಜಗತ್ಪ್ರಸಿದ್ಧ ಕಲಾವಿದನೋ, ಮೃಗಾಲಯದ ಕಪಿಯೋ, ನಾಲ್ಕು ವರ್ಷದ ಕೂಸೋ? ಕೊನೆಯಲ್ಲಿ ಅಂಕ. ಹೆಚ್ಚು ಬಂದವನು ರಸಿಕ, ಕಡಮೆ ಬಂದವನು ಪಾಮರ. ಕಡಮೆ ಬಂದವರು ಬಹುಮಂದಿಯಾದ್ದರಿಂದ ಅವರು ಸೇಡು ತೀರಿಸಿಕೊಳ್ಳುವ ದಾರಿಯನ್ನೂ ಕಂಡುಕೊಂಡಿದ್ದಾರೆ: "ನೋಡಿದಿರಾ, ಕಪಿಗೂ ಕಲಾವಿದನಿಗೂ ವ್ಯತ್ಯಾಸವೇ ಇಲ್ಲ, ಇದೆಲ್ಲ ಮೋಸ!"

ಎಂಟು ವರ್ಷ ಸೀಮೆಸುಣ್ಣ ಹಿಡಿದವನು ನಾನು. ಪ್ರಶ್ನೆಪತ್ರಿಕೆಗಳ ಕುಲಗೋತ್ರ ನನಗೆ ಸ್ವಲ್ಪ ಗೊತ್ತು. ಹುಡುಗನಿಗೆ ಏನು ಬರುತ್ತದೆಯೆಂದು ತಿಳಿಯುವುದಕ್ಕೆ ಕೇಳುವ ಪ್ರಶ್ನೆ ಒಂದು ಬಗೆ. ಅವನಿಗೆ ಏನೂ ಬರುವುದಿಲ್ಲವೆಂದು ನಾಲ್ಕು ಜನರ ಮುಂದೆ ಸಾರುವುದಕ್ಕೆ ಕೇಳುವ ಪ್ರಶ್ನೆ ಇನ್ನೊಂದು ಬಗೆ. ಮೇಲೆ ಹೇಳಿದ ಪರೀಕ್ಷೆ ಎರಡನೆಯ ಬಗೆಯದು. ಇದರಿಂದ ಒಂದು ಚಿತ್ರವನ್ನಾದರೂ ಯಾರಾದರೂ ಚೆನ್ನಾಗಿ ನೋಡಿದರೆಂಬುದು ನನಗೆ ತಿಳಿಯದು.

ಕುಚೋದ್ಯವೇನೋ ಹಳೆಯದೇ. 1910ರಲ್ಲಿ ಪ್ಯಾರಿಸ್ ನಗರದ ಮಾನ್‌ಮಾರ್ತ್ರ್ ಬಡಾವಣೆಯ ಕೆಲವು ತುಂಟರು ಲೋಲೋ ಎಂಬ ಕತ್ತೆಯ ಬಾಲಕ್ಕೆ ಕುಂಚ ಕಟ್ಟಿ, ಬಣ್ಣದಲ್ಲಿ ಅದ್ದಿ, ಅದು ಬಾಲ ಬೀಸಿದ್ದನ್ನು ಇಟಲಿಯ ಒಬ್ಬ ಕಲಾವಿದನ ಹೆಸರಿನಲ್ಲಿ ದೊಡ್ಡ ಪ್ರದರ್ಶನವೊಂದರಲ್ಲಿ ತೂಗುಹಾಕಿದರು. ಅದಾದ ಮೇಲೆ 1964ರಲ್ಲಿ ಸ್ವೀಡನ್ ದೇಶದ ಗೋಥೆನ್‌ಬರ್ಗ್ ಪಟ್ಟಣದಲ್ಲಿ ಪಿಯರ್ ಬ್ರಾಸೋ ಎಂಬ ಫ್ರೆಂಚ್ ಚಿತ್ರಕಾರನ ಪಟಗಳು ಪ್ರದರ್ಶನಕ್ಕೆ ಬಂದವು. ಹಾಗೆಂಬ ಚಿತ್ರಕಾರ ಇರಲೇ ಇಲ್ಲ. ಬರೆದದ್ದು ಬೋರೋಸ್ ಮೃಗಾಲಯದ ಪೀಟರ್ ಎಂಬ ನಾಲ್ಕು ವರ್ಷದ ಚಿಂಪಾಂಜಿ. ಬರೆಸಿದವನು ಒಬ್ಬ ಪತ್ರಕರ್ತ. ಪೀಟರನಿಗೆ ನೀಲಿ ಬಣ್ಣದ ಮೇಲೆ ಬಹಳ ಪ್ರೀತಿ; ರುಚಿಯಾಗಿತ್ತೆಂದು ಅದನ್ನು ತಿನ್ನುತ್ತಲೂ ಇತ್ತೆಂದು ಆಗಿನ ವರದಿಗಳು ಹೇಳುತ್ತವೆ. ಒಬ್ಬ ವಿಮರ್ಶಕ ಅದರ ಕುಂಚದ ಬೀಸನ್ನು ಬಾಯ್ತುಂಬ ಹೊಗಳಿದ. ಇನ್ನೊಬ್ಬ, ಇದು ಕಪಿಯೊಂದೇ ಮಾಡಬಲ್ಲ ಕೆಲಸವೆಂದು ಬರೆದ. ಸತ್ಯ ಹೊರಬಿದ್ದಾಗ ಊರೆಲ್ಲ ನಕ್ಕಿತು. ಹೊಗಳಿದವನು ಮಾತ್ರ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ; ಆ ಪ್ರದರ್ಶನದಲ್ಲಿ ಈಗಲೂ ಅದೇ ಒಳ್ಳೆಯ ಚಿತ್ರವೆಂದ.

ಜನ ಈ ಕಥೆ ಹೇಳುವುದು ಆ ವಿಮರ್ಶಕನನ್ನು ಮೂರ್ಖನೆಂದು ತೋರಿಸುವುದಕ್ಕೆ. ನನಗೆ ಅವನ ಮೇಲೆ ಗೌರವ. ತನ್ನ ಕಣ್ಣಿಗೆ ಕಂಡದ್ದನ್ನು ಹೇಳಿದ. ಬರೆದದ್ದು ಮನುಷ್ಯನಲ್ಲವೆಂದು ತಿಳಿದಮೇಲೂ ಕಣ್ಣಿಗೆ ಕಂಡದ್ದನ್ನೇ ಹೇಳಿದ. ನಕ್ಕ ಜನರಾದರೋ ಹೆಸರು ಬದಲಾದೊಡನೆ ಚಿತ್ರವೂ ಬದಲಾಯಿತೆಂದರು. ನೀರು ಕುಡಿಯುವ ಮೊದಲು ಬಾವಿ ಯಾರದೆಂದು ಕೇಳುವ ಬುದ್ಧಿಗೂ ಚಿತ್ರ ನೋಡುವ ಮೊದಲು ಬರೆದವನ ಕುಲ ಕೇಳುವ ಬುದ್ಧಿಗೂ ನನಗೇನೂ ದೂರ ಕಾಣುವುದಿಲ್ಲ. ಪರೀಕ್ಷೆಯ ಪ್ರಶ್ನೆಯೇ ಅಂಥದು: ಯಾರದು? ಎಂಥದು ಎಂದು ಅದು ಕೇಳುವುದೇ ಇಲ್ಲ.

ಅದಂತಿರಲಿ. ನಿಜವಾಗಿ ಸಾಮಾನ್ಯನ ಕಣ್ಣು ಅಷ್ಟು ಕುರುಡೇ? ಅಮೆರಿಕಾದ ಬಾಸ್ಟನ್ ನಗರದ ಇಬ್ಬರು ಮನಶ್ಶಾಸ್ತ್ರಜ್ಞೆಯರು ಇದನ್ನು ವಿನೋದಕ್ಕಲ್ಲದೆ ಶಾಸ್ತ್ರೀಯವಾಗಿಯೇ ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು. ಹೆಸರಾಂತ ಅಮೂರ್ತ ಚಿತ್ರಕಾರರ ಪಟಗಳನ್ನು, ಅವುಗಳಿಗೆ ಮೇಲ್ನೋಟಕ್ಕೆ ಹೋಲುವ ಮಕ್ಕಳ, ಕಪಿಗಳ, ಆನೆಗಳ ಪಟಗಳೊಡನೆ ಜೋಡಿಜೋಡಿಯಾಗಿ ಇಟ್ಟು, ಯಾವುದು ಮೆಚ್ಚಿಗೆ, ಯಾವುದು ಉತ್ತಮ ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಕೆಲವು ಜೋಡಿಗಳಿಗೆ ಹೆಸರು ಹಚ್ಚಲಿಲ್ಲ. ಕೆಲವಕ್ಕೆ ಬೇಕೆಂದೇ ತಪ್ಪು ಹೆಸರು ಹಚ್ಚಿದರು. ಕಲೆ ಕಲಿಯುತ್ತಿದ್ದವರಿರಲಿ, ಕಲೆಯ ಗಂಧವೇ ಇಲ್ಲದವರೂ ನೂರಕ್ಕೆ 60ರಿಂದ 70ರಷ್ಟು ಸಲ ಕಲಾವಿದನ ಪಟವನ್ನೇ ಆರಿಸಿದರು. ಹೆಸರು ಅದಲುಬದಲಾದಾಗಲೂ ಅಷ್ಟೇ. ಕಾರಣ ಕೇಳಿದರೆ, ಇದರ ಹಿಂದೆ ಯೋಚನೆ ಇದ್ದಹಾಗೆ ಕಾಣುತ್ತದೆ ಎಂದರು. ನೂರಕ್ಕೆ ನೂರಲ್ಲ ನಿಜ. ಆದರೆ ನಾಣ್ಯ ಚಿಮ್ಮಿದರೆ ಬರುವ ಐವತ್ತೂ ಅಲ್ಲ. ಯಾವ ಪಾಠವೂ ಇಲ್ಲದೆ ಇಷ್ಟು ಕಾಣಬಲ್ಲ ಕಣ್ಣಿಗೆ ನಾಲ್ಕು ದಿನ ಪಾಠವಾದರೆ ಎಷ್ಟು ಕಂಡೀತು!

ಪಂಡಿತರ ಕಣ್ಣಿನ ಸಮಾಚಾರವನ್ನೂ ನೋಡೋಣ. ಪರೀಕ್ಷೆ ಎಂದಮೇಲೆ ಎಲ್ಲರಿಗೂ ಆಗಬೇಕಷ್ಟೆ. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಫ್ರೆಂಚ್ ಕಲಾವಿದ ಮಾತೀಸನ ಕೊನೆಯ ಕೃತಿಗಳ ಪ್ರದರ್ಶನ ನಡೆಯಿತು. ಅದರಲ್ಲಿ ಕಾಗದ ಕತ್ತರಿಸಿ ಮಾಡಿದ ದೋಣಿಯ ಚಿತ್ರವೊಂದಿತ್ತು: ಮೇಲೆ ಹಾಯಿ, ಕೆಳಗೆ ನೀರಿನಲ್ಲಿ ಅದರ ನೆರಳು. ಅದನ್ನು ತಲೆಕೆಳಗಾಗಿ ತೂಗುಹಾಕಿದ್ದರು. 47 ದಿವಸ ಹಾಗೆಯೇ ಇತ್ತು. ಸುಮಾರು 1,16,000 ಜನ ಅದರ ಮುಂದೆ ಹಾದುಹೋದರು. ಕಲಾವಿದನ ಸ್ವಂತ ಮಗ, ಅವನೂ ಚಿತ್ರವ್ಯಾಪಾರಿಯೇ, ನೋಡಿಯೂ ಕಾಣಲಿಲ್ಲ. ಕಂಡವಳು ಷೇರುಪೇಟೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸು. ನೆರಳಿಗಿಂತ ದೋಣಿಯನ್ನು ಕಲಾವಿದ ಬಡವಾಗಿ ಬರೆಯಲಾರನೆಂಬ ಸರಳ ತರ್ಕದಿಂದ ಅವಳು ಹಿಡಿದಳು. ಕಾವಲುಗಾರನಿಗೆ ಹೇಳಿದರೆ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ; ಪತ್ರಿಕೆಗೆ ತಿಳಿಸಿದಮೇಲೆ ಚಿತ್ರ ನೆಟ್ಟಗಾಯಿತು.

ಡಚ್ ಕಲಾವಿದ ಮಾಂಡ್ರಿಯಾನನ ಕಥೆ ಇನ್ನೂ ದೊಡ್ಡದು. 1941ರಲ್ಲಿ ಅವನು ಬಣ್ಣದ ಪಟ್ಟಿಗಳನ್ನು ಅಡ್ಡಡ್ಡ ಉದ್ದುದ್ದ ಅಂಟಿಸಿ ಮಾಡಿದ ಒಂದು ಪಟ 1945ರಿಂದ ನ್ಯೂಯಾರ್ಕಿನಲ್ಲಿಯೂ, 1980ರಿಂದ ಜರ್ಮನಿಯ ಡ್ಯೂಸೆಲ್‌ಡಾರ್ಫಿನಲ್ಲಿಯೂ ತಲೆಕೆಳಗಾಗಿಯೇ ತೂಗಿತ್ತೆಂದು 2022ರಲ್ಲಿ ಸಂಗ್ರಹಾಲಯದ ಅಧಿಕಾರಿಯೊಬ್ಬರು ಕಂಡುಹಿಡಿದರು. ಕಲಾವಿದನ ಕೊಠಡಿಯ ಹಳೆಯ ಫೋಟೋದಲ್ಲಿ ಅದು ಬೇರೆ ರೀತಿ ನಿಂತಿತ್ತು. ಈಗ ತಿರುಗಿಸಿದರೆ ಪಟ್ಟಿಗಳು ಉದುರಿಯಾವೆಂದು ಹಾಗೆಯೇ ಬಿಟ್ಟಿದ್ದಾರೆ. ಇಷ್ಟೆಲ್ಲ ಪಂಡಿತರಿಗೆ 77 ವರ್ಷ ಕಾಣದ್ದು ನಮ್ಮೂರ ಹೋಟೆಲಿನಲ್ಲಿ ಕುಳಿತವನಿಗೆ ಒಂದು ನಿಮಿಷದಲ್ಲಿ ಕಾಣಬೇಕೆಂದು ಪರೀಕ್ಷೆ ಮಾಡುವುದು ಎಂಥ ನ್ಯಾಯ?

ಕಲೆಯ ಪರೀಕ್ಷೆಯನ್ನು ಸರ್ಕಾರವೇ ಬರೆದ ಪ್ರಸಂಗವೂ ಒಂದಿದೆ. ನನಗೆ ಬಹಳ ಪ್ರಿಯವಾದದ್ದು. 1926ರಲ್ಲಿ ರುಮೇನಿಯಾದ ಶಿಲ್ಪಿ ಬ್ರಾಂಕುಸಿಯ ಒಂದು ಕಂಚಿನ ಕೃತಿ ಹಡಗಿನಲ್ಲಿ ಅಮೆರಿಕಾಕ್ಕೆ ಬಂತು. ಹೆಸರು 'ಆಕಾಶದಲ್ಲಿ ಹಕ್ಕಿ'. ಉದ್ದಕ್ಕೆ, ತೆಳ್ಳಗೆ, ಕನ್ನಡಿಯಂತೆ ಉಜ್ಜಿದ ಲೋಹ. ರೆಕ್ಕೆಯಿಲ್ಲ, ಕೊಕ್ಕಿಲ್ಲ, ಪುಕ್ಕವಿಲ್ಲ. ಕಲಾಕೃತಿಗಳಿಗೆ ಅಲ್ಲಿ ಸುಂಕವಿರಲಿಲ್ಲ. ಸುಂಕದ ಅಧಿಕಾರಿಗಳು ಇದನ್ನು ತಿರುಗಿಸಿ ಮುರುಗಿಸಿ ನೋಡಿ, ಅಡಿಗೆಮನೆಯ ಪಾತ್ರೆ ಹಾಗೂ ಆಸ್ಪತ್ರೆಯ ಸಾಮಾನುಗಳ ಪಟ್ಟಿಗೆ ಸೇರಿಸಿ, ನೂರಕ್ಕೆ 40ರಂತೆ ಸುಂಕ ಹೇರಿದರು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಆಗಿನ ಹಳೆಯ ತೀರ್ಪುಗಳ ಪ್ರಕಾರ ಶಿಲ್ಪವೆಂದರೆ ಪ್ರಕೃತಿಯಲ್ಲಿರುವ ವಸ್ತುವಿನ ಪ್ರತಿರೂಪವಾಗಿರಬೇಕು. ಆದ್ದರಿಂದ ಸಾಕ್ಷಿಗಳಿಗೆ ಹಾಕಿದ ಪ್ರಶ್ನೆಗಳೂ ಅಂಥವೇ: ಇದು ಹಕ್ಕಿ ಎಂದು ಹೇಗೆ ಹೇಳುತ್ತೀರಿ? ಕಾಡಿನಲ್ಲಿ ಕಂಡರೆ ಇದಕ್ಕೆ ಗುಂಡು ಹೊಡೆಯುತ್ತಿದ್ದಿರಾ? ಒಳ್ಳೆಯ ಕಮ್ಮಾರನೊಬ್ಬ ಇದನ್ನು ಉಜ್ಜಿ ಮಾಡಲಾರನೇ? ಕೊನೆಯ ಪ್ರಶ್ನೆಗೆ ಶಿಲ್ಪಿ ಎಪ್‌ಸ್ಟೀನ್ ಕೊಟ್ಟ ಉತ್ತರದ ಸಾರ ಇಷ್ಟು: ಉಜ್ಜಬಲ್ಲ, ಆದರೆ ಇದನ್ನು ಕಲ್ಪಿಸಲಾರ. ಕಮ್ಮಾರನಿಗೆ ಕಲ್ಪನೆಯಿಲ್ಲವೆಂಬ ಮಾತು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅದನ್ನು ಇನ್ನೊಮ್ಮೆ ವಿಚಾರಿಸಿಕೊಳ್ಳೋಣ. 1928ರ ನವೆಂಬರಿನಲ್ಲಿ ನ್ಯಾಯಾಧೀಶರು ತೀರ್ಪು ಕೊಟ್ಟರು: ಹೊಸದೊಂದು ಕಲಾಮಾರ್ಗ ಹುಟ್ಟಿದೆ, ಅದನ್ನು ನಾವು ಮೆಚ್ಚಲಿ ಬಿಡಲಿ, ಅದು ಇದೆ, ಇದು ನೋಡಲು ಸುಂದರವಾದ ಕಲಾಕೃತಿ, ಸುಂಕವಿಲ್ಲ.

ತಾನು ಮೆಚ್ಚದಿದ್ದರೂ ಅದಕ್ಕೆ ಇರುವ ಹಕ್ಕಿದೆ ಎಂಬ ಬುದ್ಧಿ ಎಲ್ಲ ಸರ್ಕಾರಗಳಿಗೂ ಬಾರದು. 1937ರ ಜುಲೈ 19ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ನಾಜಿಗಳು ಒಂದು ಪ್ರದರ್ಶನ ತೆರೆದರು. ದೇಶದ ಸಂಗ್ರಹಾಲಯಗಳಿಂದ ಕಿತ್ತು ತಂದ ಸುಮಾರು 650 ನವ್ಯ ಕೃತಿಗಳನ್ನು 'ಭ್ರಷ್ಟ ಕಲೆ' ಎಂಬ ಹೆಸರಿನಲ್ಲಿ ಒತ್ತೊತ್ತಾಗಿ ಓರೆಕೋರೆಯಾಗಿ ತೂಗುಹಾಕಿ, ಗೋಡೆಯ ಮೇಲೆ ಅಪಹಾಸ್ಯದ ಮಾತು ಬರೆದರು. ಪ್ರವೇಶ ಉಚಿತ. ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಜನ ಬಂದರು. ಒಂದು ಉಪಾಯವನ್ನು ಓದುಗರು ಗಮನಿಸಬೇಕು. ಚಿತ್ರಗಳ ಪಕ್ಕದಲ್ಲಿ ಅವಕ್ಕೆ ತೆರಿಗೆಯ ದುಡ್ಡಿನಿಂದ ಕೊಟ್ಟ ಬೆಲೆಯನ್ನು ಬರೆದಿದ್ದರು. ಅವುಗಳಲ್ಲಿ ಹಲವು 1920ರ ದಶಕದ ಮೊದಲಲ್ಲಿ ನೋಟು ಕಸಕ್ಕೆ ಸಮನಾಗಿದ್ದಾಗ ಕೊಂಡವು. ಆಗಿನ ಕಾಗದದ ಲಕ್ಷಗಳನ್ನು ಈಗಿನ ಲಕ್ಷಗಳೆಂಬಂತೆ ತೋರಿಸಿ ಬಡವನ ಹೊಟ್ಟೆಯುರಿಯನ್ನು ಚಿತ್ರಕಾರನ ಕಡೆಗೆ ತಿರುಗಿಸಿದರು. ಆಯುಧ ಕಾರ್ಖಾನೆಯ ಒಡೆಯನ ಲೆಕ್ಕವನ್ನು ಅಲ್ಲಿ ಯಾವ ಗೋಡೆಯ ಮೇಲೂ ಬರೆದಿರಲಿಲ್ಲ. ಹೀಗೆ ಹೀಗಳೆದ ಕೃತಿಗಳಲ್ಲಿ ಬೆಲೆಬಾಳುವವನ್ನು ಆರಿಸಿ 1939ರಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ಹರಾಜು ಹಾಕಿ ವಿದೇಶೀ ಹಣ ಗಳಿಸಿದರು.

ಕೆಂಪು ಬಾವುಟದವರು ಬೇರೆ ರೀತಿ ನಡೆದುಕೊಂಡರೇ? 1962ರ ಡಿಸೆಂಬರ್ 1ರಂದು ಮಾಸ್ಕೋದ ಮಾನೇಜ್ ಭವನಕ್ಕೆ ಬಂದ ಕ್ರುಶ್ಚೇವ್ ಮಹಾಶಯರು ಅಲ್ಲಿದ್ದ ನವ್ಯ ಚಿತ್ರಗಳನ್ನು ಕಂಡು ಉರಿದುಬಿದ್ದರು. ಕತ್ತೆಯ ಬಾಲ ಇದಕ್ಕಿಂತ ಚೆನ್ನಾಗಿ ಬಳಿಯುತ್ತದೆಂಬ ಮಾತನ್ನೂ ಆಡಿದರು. 1910ರ ಕುಚೋದ್ಯ ಐವತ್ತು ವರ್ಷಗಳಲ್ಲಿ ರಾಜ್ಯನೀತಿಯಾಯಿತು. ಅಂದು ಎದುರು ನಿಂತು ವಾದಿಸಿದವನು ಎರ್ನ್‌ಸ್ಟ್ ನೇಜ್ವೆಸ್ತ್ನಿ ಎಂಬ ಶಿಲ್ಪಿ. ಯುದ್ಧದಲ್ಲಿ ಸತ್ತನೆಂದೇ ಬಿಟ್ಟುಹೋಗಿದ್ದ ಸೈನಿಕನವನು. ಪ್ರಧಾನಿಯ ಕೂಗಾಟಕ್ಕೆ ಹೆದರುವ ಆಸಾಮಿಯಲ್ಲ. 1971ರಲ್ಲಿ ಕ್ರುಶ್ಚೇವ್ ತೀರಿಕೊಂಡಾಗ ಗೋರಿಯ ಕಲ್ಲು ಮಾಡಿಕೊಡೆಂದು ಮನೆಯವರು ಬೇಡಿದ್ದು ಅದೇ ನೇಜ್ವೆಸ್ತ್ನಿಯನ್ನು. ಅರ್ಧ ಬಿಳಿ ಅರ್ಧ ಕಪ್ಪು ಕಲ್ಲುಗಳು ಒಂದರೊಳಗೊಂದು ಕಚ್ಚಿ ನಿಂತ ಆ ಸ್ಮಾರಕ ಮಾಸ್ಕೋದ ನೋವೋದೇವಿಚಿ ಶ್ಮಶಾನದಲ್ಲಿದೆ. ಅಮೂರ್ತ ಕಲೆಗೆ ಏನು ಅರ್ಥವೆಂದು ಕೇಳುವವರು ಆ ಗೋರಿಯನ್ನು ನೋಡಬಹುದು.

ಇನ್ನು ಅಮೆರಿಕಾ. 1946ರಲ್ಲಿ ಆ ಸರ್ಕಾರ ತನ್ನ ದೇಶದ 79 ನವ್ಯ ಚಿತ್ರಗಳನ್ನು ಸುಮಾರು 49,000 ಡಾಲರಿಗೆ ಕೊಂಡು ಹೊರದೇಶಗಳಿಗೆ ಕಳಿಸಿತು. ಪತ್ರಿಕೆಗಳೂ ಪ್ರತಿನಿಧಿಗಳೂ ಬೊಬ್ಬೆ ಹಾಕಿದ್ದರಿಂದ 1947ರಲ್ಲಿ ಹಿಂದಕ್ಕೆ ಕರೆಸಿ, ಮರುವರ್ಷ ಐದೂವರೆ ಸಾವಿರದಷ್ಟಕ್ಕೆ ಮಾರಿಹಾಕಿತು. ಕೆಲವೇ ವರ್ಷಗಳಲ್ಲಿ ಅದರ ಗುಪ್ತಚಾರ ಇಲಾಖೆ, ರಷ್ಯಾಕ್ಕೆ ವಿರುದ್ಧವಾಗಿ ಸ್ವಾತಂತ್ರ್ಯದ ಗುರುತೆಂದು ಇದೇ ಜಾತಿಯ ಕಲೆಯ ಬೆನ್ನು ತಟ್ಟಲು ಹೊರಟಿತು. 1950ರಲ್ಲಿ ಹುಟ್ಟಿದ ಸಾಂಸ್ಕೃತಿಕ ಸ್ವಾತಂತ್ರ್ಯ ಕಾಂಗ್ರೆಸ್ಸಿಗೆ ಅದು ಗುಟ್ಟಾಗಿ ಹಣ ಸುರಿದದ್ದು 1966-67ರಲ್ಲಿ ಬಯಲಾಯಿತು. ಒಬ್ಬರು ಬೈದದ್ದಕ್ಕೆ ಇನ್ನೊಬ್ಬರು ಹೊಗಳಿದರು. ಬೈದವರೂ ನೋಡಲಿಲ್ಲ, ಹೊಗಳಿದವರೂ ನೋಡಲಿಲ್ಲ.

ಹಣವಂತರ ವಿಷಯ ಹೇಳಬೇಕಾದ್ದೇ ಇಲ್ಲ. 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಗೋಡೆಗೆ ಟೇಪಿನಿಂದ ಅಂಟಿಸಿದ ಒಂದು ಬಾಳೆಹಣ್ಣು, ಇಟಲಿಯ ಕತ್ತೆಲಾನನ ಕೃತಿ, 62 ಲಕ್ಷ ಡಾಲರಿಗೆ ಹೋಯಿತು. ಕೊಂಡ ಧನಿಕ ಹಾಂಗ್‌ಕಾಂಗಿನಲ್ಲಿ ಎಲ್ಲರೆದುರು ಅದನ್ನು ಸುಲಿದು ತಿಂದ. ಆ ಹಣ್ಣನ್ನು ಬೀದಿಯ ಗಾಡಿಯಲ್ಲಿ 35 ಸೆಂಟಿಗೆ ಮಾರಿದವನು ಬಾಂಗ್ಲಾದೇಶದಿಂದ ಹೊಟ್ಟೆಪಾಡಿಗೆ ಹೋದ ಒಬ್ಬ ಮುದುಕ; ಬೆಲೆ ಕೇಳಿ ಅವನು ಅತ್ತನೆಂದು ಪತ್ರಿಕೆಗಳು ಬರೆದವು. ಇದನ್ನು ಕಂಡು ಕಲೆಯೆಲ್ಲ ಮೋಸವೆನ್ನುವವರಿಗೆ ನಾನು ಹೇಳುವುದಿಷ್ಟು: ಮೋಸ ಇದ್ದದ್ದು ಗೋಡೆಯಲ್ಲಲ್ಲ, ಹರಾಜಿನ ಕೋಣೆಯಲ್ಲಿ. ಅಲ್ಲಿ ಎತ್ತಿನ ಗಾಡಿ ತಂದಿಟ್ಟರೂ ಅಷ್ಟೇ ಬೆಲೆ ಕಟ್ಟಿಯಾರು.

ನಮ್ಮ ದೇಶದ ಮಾತು ಒಂದಿದೆ. ಬೊಂಬಾಯಿಯಲ್ಲಿ ಸಿನಿಮಾ ಫಲಕ ಬರೆದು ಹೊಟ್ಟೆ ಹೊರೆಯುತ್ತಿದ್ದ ಎಂ. ಎಫ್. ಹುಸೇನರು 1947ರಲ್ಲಿ ಸೋಜಾ, ರಜಾ ಮುಂತಾದವರ ಪ್ರಗತಿಶೀಲ ಕಲಾವಿದರ ಗುಂಪಿಗೆ ಸೇರಿ ಹೆಸರು ಮಾಡಿದವರು. ಹೈದರಾಬಾದಿನಲ್ಲಿ ಬದರೀವಿಶಾಲ ಪಿತ್ತಿಯವರಲ್ಲಿಗೆ ಬಂದಿದ್ದ ಡಾ. ಲೋಹಿಯಾ ಅವರು, ಟಾಟಾ ಬಿರ್ಲಾಗಳ ದಿವಾನಖಾನೆಯಿಂದ ಹೊರಗೆ ಬಾ, ರಾಮಾಯಣ ಬರೆ ಎಂದು ತಮಗೆ ಹೇಳಿದರೆಂದು ಹುಸೇನರು ಹಲವು ಸಲ ನೆನೆದಿದ್ದಾರೆ. ಅವರು ವಾಲ್ಮೀಕಿಯನ್ನೂ ತುಳಸೀದಾಸರನ್ನೂ ಓದಿ ವರ್ಷಗಟ್ಟಲೆ ಆ ಚಿತ್ರಮಾಲೆ ಬರೆದರು. ಅದನ್ನು ಹೈದರಾಬಾದಿನ ಹೊರಗಿನ ಹಳ್ಳಿಯಲ್ಲಿ ತೋರಿಸಿದಾಗ ಒಬ್ಬನೂ ಪ್ರಶ್ನೆ ಕೇಳಲಿಲ್ಲವಂತೆ. ನಗರದವರಾಗಿದ್ದರೆ ಕಣ್ಣೆಲ್ಲಿ, ಮೂಗೆಲ್ಲಿ, ಇವನು ರಾಮನೆಂದು ಹೇಗೆ ಎನ್ನುತ್ತಿದ್ದರೆಂದು ಅವರೇ ಹೇಳಿಕೊಂಡಿದ್ದಾರೆ. ಅಂಥ ಮನುಷ್ಯನಿಗೆ ಕೊನೆಗಾಲದಲ್ಲಿ ಈ ದೇಶದಲ್ಲಿ ಇರಗೊಡಲಿಲ್ಲ. 2006ರಲ್ಲಿ ಹೊರಟವರು 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. 1954ರಲ್ಲಿ ಅವರು ಬರೆದ 'ಗ್ರಾಮಯಾತ್ರೆ' ನಾರ್ವೆಯ ಓಸ್ಲೋ ನಗರದ ಆಸ್ಪತ್ರೆಯ ಗೋಡೆಯ ಮೇಲೆ ದಶಕಗಳ ಕಾಲ ಇದ್ದು, 2025ರ ಮಾರ್ಚಿಯಲ್ಲಿ 137 ಲಕ್ಷ ಡಾಲರಿಗೂ ಮೇಲೆ ಮಾರಾಟವಾಯಿತು. ಆಗ ನಮ್ಮ ಪತ್ರಿಕೆಗಳು ಹೆಮ್ಮೆಪಟ್ಟವು.

ಹಳ್ಳಿಯವನು ಪ್ರಶ್ನೆ ಕೇಳದೆ ಇದ್ದದ್ದು ಅಜ್ಞಾನದಿಂದಲೋ? ಸಂಗೀತದಲ್ಲಿ ಆಲಾಪನೆಯಿದೆ, ಅದರಲ್ಲಿ ಮಾತಿಲ್ಲ. ಇದು ಯಾವ ಹಕ್ಕಿಯ ಕೂಗು, ಇದರಲ್ಲಿ ಯಾರ ಕಥೆ ಎಂದು ಯಾರೂ ಕೇಳುವುದಿಲ್ಲ. ಕುಳಿತು ಕೇಳುತ್ತಾರೆ, ತಲೆದೂಗುತ್ತಾರೆ ಇಲ್ಲವೆ ಎದ್ದುಹೋಗುತ್ತಾರೆ. ಕಿವಿಗೆ ಕೊಟ್ಟ ಸ್ವಾತಂತ್ರ್ಯವನ್ನು ಕಣ್ಣಿಗೆ ಏತಕ್ಕೆ ಕೊಡಬಾರದು?

ಇಲ್ಲಿ ಆ ಕಮ್ಮಾರನ ಮಾತಿಗೆ ಬರುತ್ತೇನೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎತ್ತಿದ ಪ್ರಶ್ನೆಗಳಲ್ಲಿ ಕೊಳಗದ ಪ್ರಶ್ನೆಯೂ ಒಂದೆಂಬುದು ಈ ಕಡೆಯ ಓದುಗರಿಗೆ ತಿಳಿದದ್ದೇ: ಭತ್ತ ಅಳೆಯುವ ಕೊಳಗ ಯಾರದು, ಎಷ್ಟು ದೊಡ್ಡದು? ಆ ಗೇಣಿದಾರರಲ್ಲಿ ಬಹುಮಂದಿ ದೀವರು. ಅವರ ಹೆಂಗಸರು ಮದುವೆಯ ಮನೆಯಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಸುಟ್ಟ ಅಕ್ಕಿಯ ಕಪ್ಪಿನಿಂದ, ಪುಂಡಿನಾರಿನ ಕುಂಚ ಹಿಡಿದು ಹಸೆಚಿತ್ತಾರ ಬರೆಯುತ್ತಾರೆ. ಅಳತೆಗೋಲಿಲ್ಲ. ಎಳೆಯ ಪಕ್ಕ ಎಳೆ, ಚೌಕದೊಳಗೆ ಚೌಕ, ಏಣಿ, ಜೋಗಿಜಡೆ. ಗಂಡುಹೆಣ್ಣುಗಳೂ ಅದರಲ್ಲಿ ಗೀಟುಗಳಾಗಿ, ಕೋನಗಳಾಗಿ ನಿಲ್ಲುತ್ತಾರೆ. ಮೂಗಿಲ್ಲ, ಕಣ್ಣಿಲ್ಲ. ನೂರು ವರ್ಷದ ಹಿಂದೆ ಯುರೋಪಿನವರು ಗಲಾಟೆ ಮಾಡಿ ಕಂಡುಕೊಂಡದ್ದನ್ನು ಇವರು ಹಾಡು ಹೇಳಿಕೊಂಡು ಮಾಡುತ್ತ ಬಂದಿದ್ದಾರೆ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಮಾಂಡ್ರಿಯಾನ್ ಹಳೆಯದನ್ನು ಕಳಚಿಕೊಳ್ಳುವುದಕ್ಕೆ ಗೀಟು ಎಳೆದ. ಇವರು ಅಜ್ಜಿಯಿಂದ ಬಂದದ್ದನ್ನು ಉಳಿಸಿಕೊಳ್ಳುವುದಕ್ಕೆ ಎಳೆಯುತ್ತಾರೆ. ಆದರೆ ಗೀಟಿನ ತೂಕ, ಖಾಲಿ ಜಾಗದ ತೂಕ ಇವರಿಗೆ ಗೊತ್ತು. ಇವರನ್ನು ಕೂರಿಸಿ ನಗರದ ಪರೀಕ್ಷೆ ಮಾಡಿದರೆ ಸೊನ್ನೆ ಬಂದೀತು, ಏಕೆಂದರೆ ಅಲ್ಲಿ ಕೇಳುವುದು ಹೆಸರು. ಕೊಳಗ ಇನ್ನೂ ಒಡೆಯನ ಕೈಯಲ್ಲಿಯೇ ಇದೆ.

ಪರೀಕ್ಷೆ ಮಾಡಲೇಬೇಕೆನ್ನುವವರಿಗೆ ಸರ್ಕಾರದ ಶಿಕ್ಷಣ ಇಲಾಖೆಯನ್ನು ತೋರಿಸುತ್ತೇನೆ. ನಿಮ್ಮ ಊರಿನ ಪ್ರಾಥಮಿಕ ಶಾಲೆಗೆ ಹೋಗಿ ನೋಡಿ: ಚಿತ್ರಕಲೆಯ ಮಾಸ್ತರು ಇದ್ದಾರೆಯೇ? ವೇಳಾಪಟ್ಟಿಯಲ್ಲಿ ಆ ಪಿರಿಯಡ್ ಇದ್ದರೆ ಆ ಹೊತ್ತಿನಲ್ಲಿ ಮಕ್ಕಳು ಗಣಿತ ಬರೆಯುತ್ತಿದ್ದಾರೆಯೋ, ಅಂಗಳ ಗುಡಿಸುತ್ತಿದ್ದಾರೆಯೋ? ಹುಡುಗ ಮಾವಿನ ಹಣ್ಣಿಗೆ ನೀಲಿ ಹಚ್ಚಿದರೆ ಕೆನ್ನೆಗೆ ಏಟು ಬೀಳುತ್ತದೆಯೋ ಇಲ್ಲವೋ? ಶಾಲೆಯ ಗೋಡೆಗೆ ವರ್ಷವರ್ಷ ಬಣ್ಣ ಬಳಿಸಿ ಗುತ್ತಿಗೆದಾರನಿಂದ ರೈಲುಡಬ್ಬಿಯ ಚಿತ್ರ ಬರೆಸುವ ದುಡ್ಡಿದೆ. ಮಲೆನಾಡಿನ ಶಾಲೆಗಳಲ್ಲಿ ಒಂದೊಂದು ಗೋಡೆಗೆ ಕೆಮ್ಮಣ್ಣು ಬಳಿದು ಚಿತ್ತಾರ ಬಲ್ಲ ಹೆಂಗಸರಿಗೆ ಬಿಟ್ಟುಕೊಡಲಿ, ಮಕ್ಕಳು ಪಕ್ಕದಲ್ಲಿ ಕುಳಿತು ಪುಂಡಿನಾರು ಜಜ್ಜಲಿ. ಗುತ್ತಿಗೆದಾರನಿಗೆ ಕೊಡುವ ದರವನ್ನೇ ಆ ಹೆಂಗಸರಿಗೆ ಕೊಡಲಿ. ರಶೀದಿಯಲ್ಲಿ ಅವರ ಹೆಸರಿನ ಮುಂದೆ ಕೂಲಿ ಎಂದು ಬರೆಯದೆ ಚಿತ್ರಕಾರರು ಎಂದು ಬರೆಯಲಿ.